ಕೇಪಿನ ಕೋವಿಯ ಕಸುಬು



1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಮಣ್ಣುಮುಕ್ಕಿಸಿತು. ಅದಾಗಿ ತಿಂಗಳು ತುಂಬಿರಲಿಲ್ಲ. ಅಕ್ಟೋಬರ್ 7ರಂದು ಭೂಮಿಯ ಆ ಮಗ್ಗುಲಲ್ಲಿ, ಅಮೆರಿಕದ ಕಿಂಗ್ಸ್ ಮೌಂಟನ್ ಎಂಬ ಕಾಡುಗುಡ್ಡದಲ್ಲಿ, ಬೆಟ್ಟಸಾಲಿನ ಆಚೆಯಿಂದ ಬಂದ ರೈತರೂ ಬೇಟೆಗಾರರೂ ಇಂಗ್ಲೆಂಡಿನ ದೊರೆಯ ಪರವಾಗಿದ್ದ ಪಡೆಯೊಂದನ್ನು ಸುತ್ತುಗಟ್ಟಿ, ಅದರ ನಾಯಕ ಮೇಜರ್ ಪ್ಯಾಟ್ರಿಕ್ ಫರ್ಗ್ಯುಸನ್‌ನನ್ನು ಹೊಡೆದುರುಳಿಸಿದರು. ಪೊಳ್ಳಿಲೂರಿನಲ್ಲಿ ಕೆಲಸ ಮಾಡಿದ್ದು ಮೈಸೂರಿನ ಕಬ್ಬಿಣದ ಬಾಣಗಳು, ಅಂದರೆ ರಾಕೆಟ್‌ಗಳು. ಕಿಂಗ್ಸ್ ಮೌಂಟನ್ನಿನಲ್ಲಿ ಕೆಲಸ ಮಾಡಿದ್ದು ಮನೆಯ ಗೋಡೆಗೆ ತೂಗುಹಾಕುತ್ತಿದ್ದ ಉದ್ದ ನಳಿಗೆಯ ಬೇಟೆಕೋವಿಗಳು. ಆ ಫರ್ಗ್ಯುಸನ್ನನೇ ಹಿಂಬದಿಯಿಂದ ಮದ್ದುಗುಂಡು ತುಂಬುವ ಹೊಸ ಬಗೆಯ ರೈಫಲನ್ನು 1776ರಲ್ಲಿ ಮಾಡಿ ತೋರಿಸಿದ್ದವನು. ಅವನನ್ನು ಕೊಂದದ್ದು ಬಾಯಿಂದ ತುಂಬುವ ಹಳೆಯ ಕೋವಿ.

ಆ ಬಾಯಿಕೋವಿಯ ವಿಷಯವನ್ನೇ ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ. ಅಮೆರಿಕದವರು ಅದನ್ನು ಹೇಗೆ ಉಳಿಸಿಕೊಂಡರು, ತುಂಗಭದ್ರೆಯ ದಡದ ನಮ್ಮ ಸಾಸ್ವೆಹಳ್ಳಿ, ಹೊನ್ನಾಳಿ, ಚನ್ನಗಿರಿಯ ಸೀಮೆಯಲ್ಲಿ ಅದರ ಗುರುತು ಎಲ್ಲೆಲ್ಲಿದೆ ಎಂಬುದು ವಿಷಯ.

ಮಲೆನಾಡಿನ ಅಂಚಿನವರಿಗೆ ಕೇಪಿನ ಕೋವಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೂ ಈಗಿನ ಮಕ್ಕಳಿಗಾಗಿ ಹೇಳುತ್ತೇನೆ. ನಳಿಗೆಯ ಹಿಂಬದಿ ಮುಚ್ಚಿರುತ್ತದೆ. ಬಾಯಿಂದ ಅಳತೆಯ ಮದ್ದು ಸುರಿದು, ಮೇಲೆ ಕತ್ತವನ್ನೋ ಬಟ್ಟೆಯನ್ನೋ ಇಟ್ಟು, ಗಜ ಎಂಬ ಉದ್ದ ಕೋಲು ಹಾಕಿ ಜಡಿದು, ಆಮೇಲೆ ಗುಂಡನ್ನೋ ಚರೆಯನ್ನೋ ಇಳಿಸಿ, ಅದು ಉರುಳಿ ಬರದಂತೆ ಮತ್ತೊಂದು ತುಣುಕು ಜಡಿಯಬೇಕು. ಹಿಂದೆ ಒಂದು ಸಣ್ಣ ತೂತಿನ ಮೊನೆಯಿರುತ್ತದೆ. ಅದರ ಮೇಲೆ ತಾಮ್ರದ ಪುಟ್ಟ ಟೋಪಿ, ಅದೇ ಕೇಪು. ಕುದುರೆ, ಅಂದರೆ ಸುತ್ತಿಗೆಯಂಥ ಭಾಗ, ಬಡಿದಾಗ ಕೇಪಿನೊಳಗಿನ ರಾಸಾಯನಿಕ ಸಿಡಿದು, ಕಿಡಿ ತೂತಿನೊಳಗೆ ಹಾರಿ, ಮದ್ದು ಹೊತ್ತಿಕೊಳ್ಳುತ್ತದೆ. ಈಡು ಹಾರಿದ ಮೇಲೆ ಇಷ್ಟನ್ನೂ ಮೊದಲಿನಿಂದ ಮಾಡಬೇಕು. ಒಂದು ಈಡು ತಪ್ಪಿತೋ, ಎದುರಿಗೆ ಹಂದಿ ಇದ್ದರೆ ಮರ ಹತ್ತುವುದೇ ದಾರಿ.

ಕೇಪು ಬಂದದ್ದು ಬಹಳ ತಡವಾಗಿ. ಅದಕ್ಕೂ ಮೊದಲು ಜಾಮಗಿಯ ಕೋವಿ ಇತ್ತು. ಉರಿಯುವ ಹಗ್ಗದ ತುದಿಯನ್ನು ಮದ್ದಿಗೆ ತಾಗಿಸುವುದು. ಪಾಳೆಯಗಾರರ ಕಾಲದ ಕೋವಿಗಳು ಹೆಚ್ಚಾಗಿ ಇದೇ ಜಾತಿಯವು. ಆಮೇಲೆ ಚಕಮಕಿ ಕಲ್ಲಿನ ಕೋವಿ. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ತಗಡಿಗೆ ಉಜ್ಜಿ ಕಿಡಿ ಹಾರಿಸುತ್ತದೆ. ಹೈದರ್, ಟಿಪ್ಪು, ಅಮೆರಿಕದ ಸ್ವಾತಂತ್ರ್ಯ ಯುದ್ಧ, ಎಲ್ಲವೂ ಈ ಚಕಮಕಿಯ ಕಾಲದವು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಏಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಚಕಮಕಿಯ ಮಿಂಚು ಕಂಡು ಹಕ್ಕಿಗಳು ಗುಂಡು ಮುಟ್ಟುವ ಮೊದಲೇ ಹಾರಿಬಿಡುತ್ತಿದ್ದವು ಎಂಬುದು ಆ ಬೇಟೆಗಾರ ಪಾದ್ರಿಯ ಸಂಕಟವಾಗಿತ್ತು. ಆ ಉಪಾಯ ಬೆಳೆದು ತಾಮ್ರದ ಕೇಪಾಯಿತು.

ಅಮೆರಿಕದ ಕೋವಿಯ ವಿಶೇಷ ಇರುವುದು ನಳಿಗೆಯೊಳಗೆ. ಸಾಮಾನ್ಯ ಮಸ್ಕೆಟ್ಟಿನ ನಳಿಗೆ ಒಳಗೆ ನುಣುಪು. ಗುಂಡು ಗೋಡೆಗೆ ಅತ್ತ ಇತ್ತ ಬಡಿಯುತ್ತ ಹೊರಬೀಳುತ್ತದೆ, ಎತ್ತ ಹೋಗುತ್ತದೆಂದು ಹೇಳುವಂತಿಲ್ಲ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನ್ ಮಾತಾಡುವ ನಾಡುಗಳಿಂದ ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದ ಕೋವಿಗಾರರು ತಮ್ಮೊಡನೆ ಯೇಗರ್ ಎಂಬ ಗಿಡ್ಡ, ದಪ್ಪ ಬೇಟೆಕೋವಿಯ ವಿದ್ಯೆಯನ್ನು ಒಯ್ದರು. ಅದರ ನಳಿಗೆಯೊಳಗೆ ಸುರುಳಿ ಗೀರುಗಳಿದ್ದವು. ಗೀರಿಗೆ ಕಚ್ಚಿಕೊಂಡು ಹೊರಟ ಗುಂಡು ಬುಗುರಿಯಂತೆ ತಿರುಗುತ್ತ, ತಿರುಗುವುದರಿಂದಲೇ ನೇರವಾಗಿ ಹೋಗುತ್ತದೆ. ಲ್ಯಾಂಕಾಸ್ಟರ್ ಊರಿನ ಸುತ್ತಲಿನ ಕುಲುಮೆಗಳಲ್ಲಿ ಈ ಯೇಗರ್ ತೆಳ್ಳಗಾಯಿತು, ನಳಿಗೆ ಮೂರೂವರೆ ಅಡಿ ದಾಟಿತು, ಗುಂಡು ಚಿಕ್ಕದಾಯಿತು. ಮುಂದೆ ಕೆಂಟಕಿ ರೈಫಲ್ ಎಂದು ಹೆಸರಾದದ್ದು ಇದೇ.

ಗುಂಡು ಯಾಕೆ ಚಿಕ್ಕದಾಯಿತು ಎನ್ನುವುದರಲ್ಲಿ ಆ ಜನರ ಬದುಕೇ ಇದೆ. ಒಂದು ಪೌಂಡ್ ಸೀಸ ಕರಗಿಸಿದರೆ ಸೈನ್ಯದ ಮಸ್ಕೆಟ್ಟಿಗೆ 14ರಷ್ಟು ಗುಂಡುಗಳಾಗುತ್ತವೆ. ಅಷ್ಟೇ ಸೀಸದಲ್ಲಿ ಈ ಬೇಟೆಕೋವಿಗೆ 50ರ ಸುಮಾರು ಗುಂಡು ಎರೆಯಬಹುದು. ಅಂಗಡಿ ಎಂಬುದು ವಾರಗಟ್ಟಲೆ ನಡೆದರೆ ಸಿಗುವ ದೂರದಲ್ಲಿದ್ದಾಗ, ಬೆನ್ನ ಮೇಲೆ ಹೊರಬೇಕಾದ ಸೀಸವನ್ನೂ ಮದ್ದನ್ನೂ ಎಣಿಸಿಯೇ ಖರ್ಚು ಮಾಡಬೇಕು. ನುಣುಪು ನಳಿಗೆಯ ಸಿಪಾಯಿ ನಿಮಿಷಕ್ಕೆ ಮೂರು ಈಡು ಹಾರಿಸುತ್ತಿದ್ದ. ರೈಫಲ್ಲಿನವನಿಗೆ ಒಂದು ಈಡಿಗೇ ಅಷ್ಟು ಹೊತ್ತು ಬೇಕಿತ್ತು, ಏಕೆಂದರೆ ಕೊಬ್ಬು ಸವರಿದ ಬಟ್ಟೆಯ ಚೂರಿನಲ್ಲಿ ಗುಂಡನ್ನು ಸುತ್ತಿ, ಗೀರುಗಳಿಗೆ ಬಿಗಿಯಾಗಿ ಕೂರುವಂತೆ ಇಳಿಸಬೇಕು. ಆದರೆ ಆ ಒಂದು ಈಡು ಇನ್ನೂರು ಗಜದಾಚೆಯ ಗುರಿಗೂ ಬೀಳುತ್ತಿತ್ತು. 1775ರ ಜೂನ್ 14ರಂದು ಅಮೆರಿಕದ ಪ್ರಾಂತಗಳ ಕಾಂಗ್ರೆಸ್ಸು ಮೊದಲ ಬಾರಿಗೆ ತನ್ನದೇ ಸೈನ್ಯ ಕಟ್ಟಲು ತೀರ್ಮಾನಿಸಿದಾಗ ಮೊದಲು ಕರೆದದ್ದು ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾಗಳ ಈ ರೈಫಲ್ಲಿನವರನ್ನೇ.

ಮುಂದೆ ಜನ ಮಿಸಿಸಿಪ್ಪಿ ದಾಟಿ ಪಶ್ಚಿಮದ ಬಯಲಿಗೆ, ಬೆಟ್ಟಗಳಿಗೆ ಹೋದರು. ಅಲ್ಲಿ ಎದುರಾದದ್ದು ಕಾಡೆಮ್ಮೆ, ಕರಡಿ. ಕುದುರೆಯ ಮೇಲೆ ಉದ್ದ ನಳಿಗೆ ಒಗ್ಗುವುದಿಲ್ಲ. ಸೇಂಟ್ ಲೂಯಿಸ್ ಊರಿನ ಜೇಕಬ್ ಹಾಕೆನ್, ಸ್ಯಾಮ್ಯುಯೆಲ್ ಹಾಕೆನ್ ಎಂಬ ಅಣ್ಣತಮ್ಮಂದಿರು ಗಿಡ್ಡ, ಭಾರದ, ಕೇಪಿನ ರೈಫಲ್ ಮಾಡಿಕೊಟ್ಟರು. ಈ ಸಾಹಸದ ಕತೆಗಳಲ್ಲಿ ಮುಚ್ಚಿಹೋಗುವ ಒಂದು ಮಾತನ್ನು ಹೇಳಲೇಬೇಕು. ಆ ನೆಲ ಖಾಲಿ ಇರಲಿಲ್ಲ. ಅಲ್ಲಿನ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿದ್ದೂ ಇದೇ ಕೋವಿ. ಅವರೂ ಇದೇ ಕೋವಿಯನ್ನು ಕೊಂಡು, ಕಲಿತು, ತಮ್ಮ ನೆಲಕ್ಕಾಗಿ ಹಿಡಿದರು.

ಈಗ ನಮ್ಮ ಕಡೆಗೆ ಬರೋಣ. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಅಮೆರಿಕಕ್ಕೂ ಮೈಸೂರಿಗೂ ಒಬ್ಬನೇ ಎದುರಾಳಿ. 1782ರಲ್ಲಿ ಪೆನ್ಸಿಲ್ವೇನಿಯಾದವರು ಒಂದು ಯುದ್ಧನೌಕೆಗೆ ಹೈದರ್ ಅಲಿಯ ಹೆಸರನ್ನೇ ಇಟ್ಟಿದ್ದರು; ಆ ವರ್ಷದ ಏಪ್ರಿಲ್ 8ರಂದು ಅದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಇಂಗ್ಲಿಷ್ ನೌಕೆಯನ್ನು ಸೆರೆಹಿಡಿಯಿತು. ಯಾರ್ಕ್‌ಟೌನಿನಲ್ಲಿ 1781ರಲ್ಲಿ ಯಾರ ಸೈನ್ಯ ಅಮೆರಿಕದವರಿಗೆ ಶರಣಾಯಿತೋ, ಅದೇ ಕಾರ್ನ್‌ವಾಲಿಸ್ ಹತ್ತು ವರ್ಷದ ಮೇಲೆ ಬೆಂಗಳೂರಿನ ಕೋಟೆ ಒಡೆದ.

ಟಿಪ್ಪುವಿನ ಕೋವಿ ಕಾರ್ಖಾನೆಗಳು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ಬಿದನೂರು, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರದಲ್ಲಿದ್ದವು. ಸಾಸ್ವೆಹಳ್ಳಿಯಲ್ಲಿ ನಿಂತರೆ ಮೂಡಲಿಗೆ ಚಿತ್ರದುರ್ಗ, ಪಡುವಲಿಗೆ ನಗರ. ಎರಡು ಕುಲುಮೆಗಳ ನಡುವಿನ ಸೀಮೆ ನಮ್ಮದು. ಅರಸನಿಗೆಂದೇ ಮಾಡಿದ ಕೋವಿಗಳ ಮೇಲೆ ಹುಲಿಪಟ್ಟೆಯ ಕೆತ್ತನೆ, ಟಿಪ್ಪು ತಾನೇ ಆರಂಭಿಸಿದ ಮೌಲೂದಿ ಶಕೆಯ ಇಸವಿ, ಮಾಡಿದ ಊರಿನ ಗುರುತು ಇರುತ್ತಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅವೆಲ್ಲ ಲೂಟಿಯಾದವು. ಇವತ್ತು ಅವನ್ನು ನೋಡಬೇಕೆಂದರೆ ವಿಂಡ್ಸರ್ ಅರಮನೆಯ ಸಂಗ್ರಹಕ್ಕೋ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೋ ಹೋಗಬೇಕು.

ಆ ವರ್ಷವೇ ನಮ್ಮ ಸೀಮೆಗೆ ಬೆಂಕಿ ಬಿತ್ತು. ಧೋಂಡಿಯಾ ವಾಘ್ ಚನ್ನಗಿರಿಯಲ್ಲಿ ಹುಟ್ಟಿದವನು, ಹೈದರನ ಸೈನ್ಯದಲ್ಲಿ ಬೆಳೆದವನು, ಟಿಪ್ಪುವಿನ ಸೆರೆಯಲ್ಲಿದ್ದವನು. ಪಟ್ಟಣ ಬಿದ್ದ ಗಲಿಬಿಲಿಯಲ್ಲಿ ಹೊರಬಿದ್ದು, ಕೆಲಸ ಕಳೆದುಕೊಂಡ ಸಿಪಾಯಿಗಳನ್ನು ಕೂಡಿಸಿಕೊಂಡು, ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿಯ ಕಡೆ ಇಂಗ್ಲಿಷರ ಮೇಲೆ ತಿರುಗಿಬಿದ್ದ. ಉಭಯಲೋಕಾಧೀಶ್ವರ ಎಂದು ಬಿರುದಿಟ್ಟುಕೊಂಡ. 1799ರ ಮಳೆಗಾಲದಲ್ಲಿ ಇಂಗ್ಲಿಷರ ಒಂದು ಪಡೆ ಚಿತ್ರದುರ್ಗದ ಕಡೆಯಿಂದ ಬಂದು ತುಂಗಭದ್ರೆ ದಾಟಿ ಅವನನ್ನು ಮರಾಠರ ಸೀಮೆಗೆ ಅಟ್ಟಿತು. ಮರುವರ್ಷ ಸೆಪ್ಟೆಂಬರ್ 10ರಂದು, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ, ಕೋಣಗಲ್ಲು ಎಂಬಲ್ಲಿ ಅವನನ್ನು ಕೊಂದ. ಪೊಳ್ಳಿಲೂರಿನ ಗೆಲುವಿಗೆ ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷ. ಧೋಂಡಿಯಾನ ಜನರ ಕೈಯಲ್ಲಿದ್ದ ಜಾಮಗಿ, ಚಕಮಕಿಯ ಕೋವಿಗಳು ಎತ್ತ ಹೋದವೋ. ಅಮೆರಿಕದ ಒಬ್ಬ ಸಾಧಾರಣ ಬೇಟೆಗಾರನ ಕೋವಿ ಇವತ್ತು ಗಾಜಿನ ಪೆಟ್ಟಿಗೆಯಲ್ಲಿದೆ, ಅದರ ಮೇಲೆ ಮಾಡಿದವನ ಹೆಸರೂ ಇದೆ. ನಮ್ಮ ಸೀಮೆಯ ಕಮ್ಮಾರನ ಹೆಸರು ನಳಿಗೆಯ ಮೇಲೆ ಬೀಳಲೇ ಇಲ್ಲ ಎಂಬುದು ನನ್ನನ್ನು ಕಾಡುವ ವಿಷಯ.

ಕೋವಿಗಳು ಕಾಣೆಯಾಗಲು ಕಾನೂನೂ ಒಂದು ಕಾರಣ. 1857ರಲ್ಲಿ ಇಂಗ್ಲಿಷರು ಜನರ ಆಯುಧ ಕಸಿಯುವ ಕಾಯಿದೆ ತಂದರು. ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಆ ನವೆಂಬರಿನ ಕೊನೆಯಲ್ಲಿ ಇಂಗ್ಲಿಷರು ಊರಿಗೆ ಬೆಂಕಿಯಿಟ್ಟರು, ಆಮೇಲೆ ಮುಂದಾಳುಗಳನ್ನು ಗಲ್ಲಿಗೇರಿಸಿದರು. ಇಂಗ್ಲಿಷ್ ಅಧಿಕಾರಿ ಫ್ಲೀಟ್ ಸಾಹೇಬರು ಸಂಗ್ರಹಿಸಿದ ಲಾವಣಿಯಿಂದ ಅದು ನಮಗೆಲ್ಲ ಗೊತ್ತು. ಕೊಡಗಿನಲ್ಲಿ ಇದಕ್ಕೆ ತಿರುಗುಮುರುಗು ನಡೆಯಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆ ಕಾಯಿದೆಯಿಂದ ಹೊರಗಿಟ್ಟ. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇವತ್ತಿಗೂ ನಡೆದುಬಂದಿದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ಕೊಡವರು ತೋಕನ್ನು, ಅಂದರೆ ಕೋವಿಯನ್ನು, ತೊಳೆದು, ತೋಕ್ ಪೂ ಎಂದು ಅವರು ಕರೆಯುವ ಕೆಂಪು ಹಳದಿಯ ಹೂವನ್ನಿಟ್ಟು ಪೂಜಿಸುತ್ತಾರೆ. ಅಲ್ಲಿ ಕೋವಿ ಮನೆತನದ ಮರ್ಯಾದೆ. ಹಾಗಾಗಿ ಉಳಿಯಿತು.

ಅಮೆರಿಕದಲ್ಲಿ ಉಳಿದದ್ದು ಬೇರೆ ದಾರಿಯಲ್ಲಿ. ತೋಟಾ ಹಾಕುವ ಕೋವಿ ಬಂದ ಮೇಲೆ ಅಲ್ಲಿಯೂ ಬಾಯಿಕೋವಿ ಅಟ್ಟ ಸೇರಿತ್ತು. 1930ರ ಸುಮಾರಿಗೆ ಕೆಲವು ಆಸಕ್ತರು ಅಜ್ಜಂದಿರ ಕೋವಿಗಳನ್ನು ಕೆಳಗಿಳಿಸಿ ಗುರಿಯಿಡುವ ಪಂದ್ಯ ಶುರುಮಾಡಿದರು. 1933ರಲ್ಲಿ ಅದಕ್ಕೊಂದು ರಾಷ್ಟ್ರೀಯ ಸಂಘವೇ ಹುಟ್ಟಿತು. ಹಳೆಯವು ಸಾಲದಾದಾಗ ಪ್ರತಿಕೃತಿಗಳು ಬಂದವು. 1954ರಲ್ಲಿ ಟೆನೆಸಿಯ ಟರ್ನರ್ ಕರ್ಕ್‌ಲ್ಯಾಂಡ್ ಡಿಕ್ಸಿ ಗನ್ ವರ್ಕ್ಸ್ ತೆರೆದ. 1957ರಲ್ಲಿ ಇಟಲಿಯಲ್ಲಿ ಪೆಡರ್ಸೋಲಿ, 1959ರಲ್ಲಿ ಊಬರ್ತಿ ಕಂಪನಿಗಳು ಶುರುವಾದವು. ಅಮೆರಿಕದ ಅಂತರ್ಯುದ್ಧದ ನೂರನೆಯ ವರ್ಷದ ಸಂಭ್ರಮದಲ್ಲಿ ಇಟಲಿಯ ಕೋವಿಗಳು ಹಡಗಿನಲ್ಲಿ ಅಲ್ಲಿಗೆ ಹೋದವು. 1968ರ ಅಲ್ಲಿನ ಕಾಯಿದೆ ಹಳೆಯ ಬಗೆಯ ಕೋವಿಗಳನ್ನೂ ಅವುಗಳ ಪ್ರತಿಕೃತಿಗಳನ್ನೂ ಬೇರೆ ಬಂದೂಕುಗಳ ಸಾಲಿನಿಂದ ಬಿಟ್ಟಿತು. ಅಲ್ಲಿಂದ ವ್ಯಾಪಾರ ಹೆಚ್ಚಿತು.

ಈ ಪ್ರತಿಕೃತಿಗಳೆಲ್ಲ ನಂಬಲರ್ಹವಲ್ಲ. 1970ರ ಸುಮಾರಿಗೆ ಒಂದು ಕಂಪನಿ ಹಾಕೆನ್ ಹೆಸರಿನಲ್ಲಿ ಮಾರಿದ ಕೋವಿ ಬಹಳ ಜನಪ್ರಿಯವಾಯಿತು. ಅದರ ಮೈಮೇಲೆ ಹೊಳೆಯುವ ಹಿತ್ತಾಳೆ, ಒಳಗೆ ಹೊಸಕಾಲದ ಸುರುಳಿ ಸ್ಪ್ರಿಂಗು. ಹಾಕೆನ್ ಅಣ್ಣತಮ್ಮಂದಿರ ಕೋವಿಯ ಸಾಮಾನು ಬಹುಮಟ್ಟಿಗೆ ಬರಿಯ ಕಬ್ಬಿಣದ್ದು. ಕಾಡಿನಲ್ಲಿ ಹೊಳೆಯುವ ಲೋಹ ಬೇಟೆಗೆ ಶತ್ರು. ಹೆಸರೊಂದು ಉಳಿದು ಕಾರಣ ಕಳೆದುಹೋದರೆ ಆ ಪ್ರತಿಕೃತಿ ಆಟಿಕೆ.

ನನಗೆ ಬಹಳ ದೊಡ್ಡದೆನಿಸುವುದು ವರ್ಜೀನಿಯಾದ ವಿಲಿಯಮ್ಸ್‌ಬರ್ಗಿನ ಕೆಲಸ. ಹದಿನೆಂಟನೆಯ ಶತಮಾನದ ಆ ಪಟ್ಟಣವನ್ನು ಹಳೆಯ ರೂಪಕ್ಕೆ ಮರಳಿಸಿ ಉಳಿಸಿಕೊಂಡಿದ್ದಾರೆ. ಅಲ್ಲಿನ ಕುಲುಮೆಯಲ್ಲಿ ವ್ಯಾಲೇಸ್ ಗಸ್ಲರ್ ಎಂಬ ಕುಶಲಕರ್ಮಿ ಹಳೆಯ ಉಪಕರಣಗಳಿಂದಲೇ ಇಡೀ ರೈಫಲನ್ನು ಮಾಡಿದರು. 1969ರಲ್ಲಿ ಅದರ ಚಲನಚಿತ್ರ ತೆಗೆದರು. ಕಬ್ಬಿಣದ ಉದ್ದ ಪಟ್ಟಿಯನ್ನು ಕಾಸಿ, ಸರಳಿನ ಸುತ್ತ ಮಡಚಿ, ಅಂಚಿಗೆ ಅಂಚು ಕೂಡಿಸಿ, ಬಿಳಿಗಾವಿನಲ್ಲಿ ಬಡಿದು ಬೆಸೆಯುತ್ತ, ಅಂಗುಲ ಅಂಗುಲವಾಗಿ ನಳಿಗೆ ಆಗುತ್ತದೆ. ಆಮೇಲೆ ಅದನ್ನು ಕೊರೆದು ನೇರ ಮಾಡಬೇಕು. ಮರದ ಸುರುಳಿ ದಿಂಡಿನ ಆಸರೆಯಲ್ಲಿ ಪುಟ್ಟ ಉಕ್ಕಿನ ಹಲ್ಲನ್ನು ನಳಿಗೆಯೊಳಗೆ ಎಳೆದೂ ಎಳೆದೂ ಒಂದೊಂದೇ ಗೀರು ಕೊರೆಯಬೇಕು. ಬೀಗ, ಸ್ಪ್ರಿಂಗು, ಮೊಳೆ, ಮರದ ಹಿಡಿ, ಎಲ್ಲ ಅದೇ ಕೈಯಿಂದ. ಪುಸ್ತಕದಲ್ಲಿ ಬರೆಯದ ಎಷ್ಟೋ ಸಂಗತಿ, ಕಬ್ಬಿಣ ಯಾವ ಬಣ್ಣಕ್ಕೆ ಬಂದಾಗ ಬಡಿಯಬೇಕು ಎಂಬಂಥವು, ಮಾಡಿದಾಗಲೇ ಗೊತ್ತಾದವು. ಅಂದಿನಿಂದ ಆ ಕುಲುಮೆಯಲ್ಲಿ ಗುರುವಿನಿಂದ ಶಿಷ್ಯನಿಗೆ ವಿದ್ಯೆ ಹರಿಯುತ್ತಿದೆ.

ಈ ಬೆಸುಗೆ ನಮ್ಮ ಹಳ್ಳಿಗಳಲ್ಲೂ ಇತ್ತು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುವಾಗ ಕಮ್ಮಾರ ಅದರ ಎರಡು ತುದಿಗಳನ್ನು ಬಿಳಿಗಾವಿಗೆ ತಂದು ಬಡಿದೇ ಒಂದು ಮಾಡುತ್ತಿದ್ದ. ಟೈರುಗಾಡಿ ಬಂತು, ಕರೆಂಟಿನ ವೆಲ್ಡಿಂಗ್ ಬಂತು, ಟ್ರ್ಯಾಕ್ಟರ್ ಬಂತು. ಆ ಬೆಂಕಿಯ ಲೆಕ್ಕ ಬಲ್ಲ ಹಿರಿಯರು ನಮ್ಮಲ್ಲಿ ಇನ್ನೂ ಅಲ್ಲೊಬ್ಬ ಇಲ್ಲೊಬ್ಬ ಇದ್ದಾರೆ. ಅವರ ಕುಲುಮೆಯೆದುರು ಯಾರೂ ಕ್ಯಾಮೆರಾ ಇಟ್ಟಿಲ್ಲವಲ್ಲ ಎಂಬುದೇ ನನ್ನ ವ್ಯಥೆ.

ಈ ಕಮ್ಮಾರಿಕೆಯ ಬೆಲೆ ಏನು ಎಂದು ಕೇಳುವವರಿಗೆ ಬಿದನೂರು ನಗರದ ಬಾವಿಯನ್ನು ತೋರಿಸುತ್ತೇನೆ. 2018ರ ಜುಲೈ ತಿಂಗಳಲ್ಲಿ ನಗರದ ಹತ್ತಿರದ ಒಂದು ಪಾಳುಬಾವಿಯ ಕೆಸರು ಮದ್ದಿನ ವಾಸನೆ ಹೊಡೆಯಿತು. ಪುರಾತತ್ವ ಇಲಾಖೆಯವರು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಒಂದು ಮೊಳಕ್ಕಿಂತ ಚಿಕ್ಕ ಕೊಳವೆಗಳು, ಒಳಗೆ ಮದ್ದು ಹಾಗೇ ಇತ್ತು. ಈ ರಾಕೆಟ್ಟಿನ ಗುಟ್ಟು ಅದರ ಕಬ್ಬಿಣದ ಮೈಯಲ್ಲಿದೆ. ಕಾಗದದ, ಬಿದಿರಿನ ಕೊಳವೆ ತಾಳದ ಒತ್ತಡವನ್ನು ಅದು ತಾಳಿತು, ಹಾಗಾಗಿ ದೂರ ಹಾರಿತು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ಲಂಡನ್ನಿನ ವೂಲಿಚ್‌ನಲ್ಲಿದ್ದ ಮೈಸೂರು ರಾಕೆಟ್‌ಗಳನ್ನು ಕಂಡು, 1985ರಲ್ಲಿ ಇದನ್ನು ವಿವರವಾಗಿ ಬರೆದರು. ಆ ತಗಡನ್ನು ಬಡಿದು, ಸುತ್ತಿ, ಕೂಡಿಸಿದವನು ನಮ್ಮ ಮಲೆನಾಡಿನ ಕಮ್ಮಾರ. ಈ ಕೊಳವೆಗಳನ್ನು ಒಂದು ಕುಲುಮೆಯಲ್ಲಿ, ಮದ್ದಿಲ್ಲದೆ, ಅದೇ ಬಗೆಯ ಕಬ್ಬಿಣದಿಂದ, ಅದೇ ಬಗೆಯ ಬೆಸುಗೆಯಿಂದ ಮತ್ತೆ ಮಾಡಿ ನೋಡಬೇಕು. ಬರಿಯ ಕೊಳವೆಗೆ ಯಾರ ಭಯವೂ ಬೇಡ. ಅದನ್ನು ಮಾಡಬಲ್ಲ ಕೈಗಳಿರುವಾಗಲೇ ಮಾಡಬೇಕು. ಹಿರಿಯ ಕಮ್ಮಾರರೂ ಇಲಾಖೆಯವರೂ ಒಂದೇ ಅಡಿಗಲ್ಲಿನ ಎದುರು ಕೂರುವ ದಿನವನ್ನು ನಾನು ಮನಸಾರೆ ಬಯಸುತ್ತೇನೆ.

ಮಾಡುತ್ತಲೇ ಇದ್ದರೆ ವಿದ್ಯೆ ಉಳಿಯುತ್ತದೆ ಎನ್ನುವುದಕ್ಕೆ ಮೈಸೂರಿನ ಕುಶಾಲತೋಪು ಸಾಕ್ಷಿ. ದಸರೆಯಲ್ಲಿ 21 ಸುತ್ತು ಹಾರಿಸುವ ಆ ಫಿರಂಗಿಗಳೂ ಬಾಯಿಂದ ಮದ್ದು ತುಂಬುವವೇ. ಪೊಲೀಸ್ ಸಿಬ್ಬಂದಿ ಪ್ರತಿವರ್ಷ ಅರಮನೆಯ ಹತ್ತಿರ ತಾಲೀಮು ನಡೆಸುತ್ತಾರೆ. ಒಂದು ಈಡಾದ ಮೇಲೆ ನಳಿಗೆಯಲ್ಲಿ ಕೆಂಡದ ಕಣವೂ ಉಳಿಯದಂತೆ ಒರೆಸಿ ಮುಂದಿನ ಮದ್ದು ಹಾಕಬೇಕು. ಅಲ್ಲಿ ಕೈ ತಪ್ಪಿದರೆ ಪ್ರಾಣ ಹೋಗುತ್ತದೆ. ಆ ಶಿಸ್ತು ತಾಲೀಮಿನಿಂದ ತಾಲೀಮಿಗೆ ಇಳಿದುಬಂದಿದೆ.

ಕಾನೂನಿನ ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅಮೆರಿಕದ ನಿಯಮ ನಮ್ಮದಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ ಈಡು ಹಾರಿಸಬಲ್ಲ ಬಾಯಿಕೋವಿಗೂ ಲೈಸೆನ್ಸ್ ಬೇಕು, ಅದನ್ನು ಮಾಡುವುದಕ್ಕೂ ಬೇಕು. ರಿಪೇರಿ ಮಾಡಿದರೂ ಹಾರದಂಥ, ಬಳಕೆ ತಪ್ಪಿದ ಪುರಾತನ ಆಯುಧಕ್ಕೆ ಮಾತ್ರ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಹಾಗೆಂದು ನೀವೇ ತೀರ್ಮಾನಿಸಬೇಡಿ, ಠಾಣೆಯಲ್ಲಿ ಕೇಳಿ. ಬೇಟೆಯಂತೂ 1972ರ ವನ್ಯಜೀವಿ ಕಾಯಿದೆಯಿಂದ ನಿಂತುಹೋದ ಅಧ್ಯಾಯ. ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇನ್ನೂ ಓಡಾಡುತ್ತಿರುವುದು ಕೋವಿಗಳು ಸುಮ್ಮನಾದ್ದರಿಂದಲೇ. ಅವು ಸುಮ್ಮನಿರಲಿ ಎಂದೇ ನಾನೂ ಹೇಳುವವನು.

ಸಾಸ್ವೆಹಳ್ಳಿ, ನ್ಯಾಮತಿ, ಚನ್ನಗಿರಿಯ ಹಳೆಯ ಮನೆಗಳಲ್ಲಿ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಅಜ್ಜನ ಕೋವಿ ಇರಬಹುದು. ಇದ್ದರೆ ಮೊದಲು ಒಂದು ಕೆಲಸ. ಬಾಯಿಕೋವಿಯೊಳಗೆ ಹಾಕಿದ ಮದ್ದು ಬಹುಕಾಲ ಕೆಡದೆ ಇರುತ್ತದೆ, ಎಷ್ಟೋ ವರ್ಷದ ಹಿಂದಿನ ಈಡು ಇನ್ನೂ ಒಳಗೇ ಕೂತಿರಬಹುದು. ಕುದುರೆ ಎತ್ತಬೇಡಿ, ಬಾಯಿಗೆ ಇಣುಕಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಲೈಸೆನ್ಸ್ ಇರುವ, ಕೋವಿ ಬಲ್ಲ ಹಿರಿಯರನ್ನು ಕರೆಯಿರಿ. ಅವರು ಮಗ್ಗುಲಿಗೆ ನಿಂತು ಗಜವನ್ನು ಮೆಲ್ಲಗೆ ನಳಿಗೆಯೊಳಗೆ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಗುರುತು ಮಾಡಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ನೋಡುತ್ತಾರೆ. ಗಜದ ತುದಿ ಕೇಪಿನ ಮೊನೆಯವರೆಗೆ ಬಂದರೆ ನಳಿಗೆ ಖಾಲಿ. ಅದಕ್ಕಿಂತ ಹಿಂದೆಯೇ ನಿಂತರೆ ಒಳಗೆ ಈಡಿದೆ ಎಂದು ಲೆಕ್ಕ. ಆಗ ಮುಟ್ಟದೆ ಠಾಣೆಗೆ ತಿಳಿಸಿ. ಖಾಲಿಯಿದ್ದರೆ ನಳಿಗೆಯ ಉದ್ದ, ಬಾಯಿಯ ಅಗಲ, ಬೀಗದ ಮೇಲಿನ ಅಕ್ಷರ, ಯಾವ ಮರದ ಹಿಡಿ, ಯಾವ ಊರಿನ ಯಾರು ಮಾಡಿಕೊಟ್ಟದ್ದು ಎಂದು ಅಜ್ಜಿ ಹೇಳಿದ ಮಾತು, ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಆ ಬರಹದ ಒಂದು ಪ್ರತಿ ಕೊಟ್ಟು ಬನ್ನಿ.